ಹದಿನಾಲ್ಕು ದಿನದ ಲೆಕ್ಕ: ಮರದ ಕೆಲಸಕ್ಕೆ ಸ್ವಂತ ಕ್ರೇನ್ ಬೇಕೇ?

ಪ್ರತಿ ವರ್ಷ ಮಾರ್ಚ್ ಕೊನೆಗೆ ಲೆಕ್ಕದ ಪುಸ್ತಕ ಮುಚ್ಚುವ ಹೊತ್ತಿಗೆ ನಮ್ಮ ಭಾವ ಒಂದೇ ಮಾತು ಎತ್ತುತ್ತಾರೆ: “ಇಷ್ಟು ವರ್ಷ ಬಾಡಿಗೆಗೆ ಸುರಿದ ದುಡ್ಡನ್ನು ಕೂಡಿಟ್ಟಿದ್ದರೆ ಇಷ್ಟೊತ್ತಿಗೆ ಒಂದು ಕ್ರೇನು ನಮ್ಮದೇ ಆಗುತ್ತಿತ್ತಲ್ಲಯ್ಯ.” ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಮನೆಯ ಮೇಲೆ ವಾಲಿದ, ಒಣಗಿದ, ಬುಡ ಟೊಳ್ಳಾದ ಮರಗಳನ್ನು ತೆಗೆಯುವ ಮತ್ತು ಕೊಂಬೆ ಸವರುವ ಕೆಲಸವನ್ನು ನಾವಿಬ್ಬರೂ ಪಾಲುದಾರಿಕೆಯಲ್ಲಿ ನಡೆಸುತ್ತೇವೆ. ಮರದ ಕೆಳಗೆ ನಿಂತು ಕೆಲಸ ಮಾಡಿಸುವುದು ಭಾವನ ಪಾಲು, ಬಿಲ್ಲು ಬರೆದು ಲೆಕ್ಕ ಇಡುವುದು ನನ್ನ ಪಾಲು. ಪ್ರತಿ ಸಲವೂ ಅವರ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದವನು ಈ ಸಲ ವರ್ಷದ ಡೈರಿಯನ್ನೇ ತೆಗೆದುಕೊಂಡು ಕುಳಿತೆ, ಏಕೆಂದರೆ ಭಾವ ಬರೀ ಮಾತಿಗೆ ನಿಲ್ಲದೆ ಕ್ರೇನ್ ಮಾರುವವರಿಂದ ಕೊಟೇಷನ್ ಕೂಡ ತರಿಸಿಬಿಟ್ಟಿದ್ದರು.

ಕೆಲಸಕ್ಕೇನೂ ಬರವಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುತುವರ್ಜಿಯಲ್ಲಿ ಈ ಊರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟರು. ಅಂದು ತಂತಿಬೇಲಿಯೊಳಗಿದ್ದ ಆ ಸಸಿಗಳಲ್ಲಿ ಉಳಿದವು ಇಂದು ನಲವತ್ತು ವರ್ಷದ ಮರಗಳಾಗಿವೆ. ಅವುಗಳ ಸುತ್ತ ಒಂದಂತಸ್ತಿನ ಮನೆಗಳಿದ್ದ ಕಡೆ ನಾಲ್ಕಂತಸ್ತಿನ ಮನೆಗಳು ಎದ್ದಿವೆ, ಬುಡದವರೆಗೂ ಕಾಂಕ್ರೀಟು ಬಂದಿದೆ, ಬೇರನ್ನು ಚರಂಡಿಗೋ ಕೇಬಲ್ಲಿಗೋ ಕಡಿದಿದ್ದಾರೆ. ಏಪ್ರಿಲ್ ಮೇ ತಿಂಗಳ ಸಂಜೆಮಳೆಗೆ ಗಾಳಿ ಸೇರಿದ ದಿನ ನಮ್ಮ ಫೋನು ರಾತ್ರಿಯಿಡೀ ಹೊಡೆದುಕೊಳ್ಳುತ್ತದೆ. ಭಾವನ ವಾದಕ್ಕೆ ಬಲ ಬರುವುದು ಅಂಥ ರಾತ್ರಿಗಳಲ್ಲೇ, ಏಕೆಂದರೆ ಎಲ್ಲರಿಗೂ ಒಟ್ಟಿಗೆ ಕ್ರೇನ್ ಬೇಕಾದಾಗ ಬಾಡಿಗೆ ಕೊಡುವವರು ಫೋನನ್ನೇ ಎತ್ತುವುದಿಲ್ಲ.

ಕ್ರೇನ್ ಎಂದರೆ ಒಂದೇ ವಸ್ತುವಲ್ಲ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಊರಿನಲ್ಲಿ ಎಲ್ಲರ ಬಾಯಲ್ಲೂ ‘ಹೈಡ್ರಾ’ ಎಂದೇ ಹೆಸರಾಗಿರುವುದು ನಾಲ್ಕು ಚಕ್ರದ, ಭಾರವನ್ನು ಮುಂದೆ ನೇತುಹಾಕಿಕೊಂಡೇ ನಡೆಯಬಲ್ಲ ಗಾಡಿ. ಅದರ ಬೂಮು, ಎಂದರೆ ಕೊಕ್ಕೆ ನೇತಾಡುವ ಉದ್ದನೆಯ ತೋಳು, ಮೇಲೆ ಕೆಳಗೆ ಆಡುತ್ತದೆ, ಉದ್ದವಾಗುತ್ತದೆ, ಆದರೆ ಅಕ್ಕಪಕ್ಕಕ್ಕೆ ಹೊರಳುವುದಿಲ್ಲ. ಹೊರಳಬೇಕೆಂದರೆ ಇಡೀ ಗಾಡಿಯೇ ಹೊರಳಬೇಕು. 14 ಟನ್ ಎಂದು ಅದರ ಮೈಮೇಲೆ ಬರೆದಿರುವುದು ಬೂಮನ್ನು ಪೂರ್ತಿ ಒಳಗೆಳೆದು, ಕೊಕ್ಕೆ ಮುಂಚಕ್ರಕ್ಕೆ ಆತುಕೊಂಡಂತೆ ಇರುವಾಗಿನ ಮಾತು. ಕೊಕ್ಕೆ ದೂರ ಹೋದಷ್ಟೂ ಆ ಶಕ್ತಿ ಬೇಗಬೇಗ ಇಳಿದು, ಬೂಮು ಪೂರ್ತಿ ಚಾಚಿ ಬಾಗಿದಾಗ ಒಂದೆರಡು ಟನ್ನಿಗೆ ಬರುತ್ತದೆ. ರಸ್ತೆ ಬದಿಯ ಮರಕ್ಕೆ ಇಷ್ಟು ಸಾಕು. ಆದರೆ 40×60 ಸೈಟಿನ ಹಿತ್ತಲಿನಲ್ಲಿರುವ ಮರಕ್ಕೆ ಗಾಡಿ ನಿಲ್ಲುವುದು ಮನೆಯ ಮುಂದಿನ ರಸ್ತೆಯಲ್ಲಿ. ಅಲ್ಲಿಂದ ಮನೆಯನ್ನು ದಾಟಿ ಕೊಕ್ಕೆ ಇಳಿಸಬೇಕೆಂದರೆ ಎಪ್ಪತ್ತು ಅಡಿಗೂ ಮೀರಿದ ದೂರ. ಅದು ಹೈಡ್ರಾದ ಕೆಲಸವಲ್ಲ. ಕಾಲು ಚಾಚಿ ನಿಲ್ಲುವ, ಲಾರಿಯ ಮೇಲೆ ಕೂರಿಸಿದ 40 ಅಥವಾ 50 ಟನ್ನಿನ ಕ್ರೇನೇ ಬೇಕು. ಎಂದರೆ ಯಾವ ಕ್ರೇನ್ ಬರಬೇಕೆಂಬುದನ್ನು ಗೊತ್ತುಮಾಡುವುದು ಮರ ನಿಂತ ಜಾಗ, ನಮ್ಮ ಜೇಬಲ್ಲ.

ಡೈರಿ ಏನು ಹೇಳಿತೆಂದರೆ, ಕಳೆದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗೆ ನಾವು ಬಾಡಿಗೆ ಗಾಡಿ ತರಿಸಿದ್ದು 61 ದಿನ. ಅದರಲ್ಲಿ 34 ದಿನ ಏಪ್ರಿಲ್, ಮೇ, ಜೂನ್ ಈ ಮೂರೇ ತಿಂಗಳಿಗೆ ಸೇರಿದವು. ಉಳಿದ ಒಂಬತ್ತು ತಿಂಗಳಿಗೆಲ್ಲ ಸೇರಿ 27. ಗಾಡಿಯ ಜಾತಿಯ ಪ್ರಕಾರ ಬಿಡಿಸಿ ನೋಡಿದರೆ 38 ದಿನ ಹೈಡ್ರಾ, 14 ದಿನ ದೊಡ್ಡ ಲಾರಿ ಕ್ರೇನ್, 9 ದಿನ ಬರೀ ಆಳನ್ನು ಮೇಲಕ್ಕೇರಿಸುವ ಬೂಮ್ ಲಿಫ್ಟ್. ಭಾವ ಕೊಟೇಷನ್ ತರಿಸಿದ್ದು ಹೈಡ್ರಾಕ್ಕೆ. ಅಲ್ಲಿಗೆ ಸ್ವಂತ ಗಾಡಿ ಬಂದರೂ 23 ದಿನ ಬಾಡಿಗೆ ತಪ್ಪುವುದಿಲ್ಲ.

ಇನ್ನು ಖರ್ಚು. ಹೊಸ ಗಾಡಿಗೆ 25 ಲಕ್ಷವೆಂದು ಹಿಡಿದೆ. 5 ಲಕ್ಷ ಕೈಯಿಂದ ಹಾಕಿ, ಉಳಿದ 20 ಲಕ್ಷಕ್ಕೆ ಶೇ. 11ರ ಬಡ್ಡಿಯಲ್ಲಿ ನಾಲ್ಕು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಹತ್ತಿರ ಹತ್ತಿರ 51,700 ರೂಪಾಯಿ. ಆಪರೇಟರ್ ಸಂಬಳ 25,000, ಜೊತೆಯ ಹೆಲ್ಪರ್‌ಗೆ 15,000. ನಿಲ್ಲಿಸುವ ಜಾಗದ ಬಾಡಿಗೆ 8,000, ಏಕೆಂದರೆ ಹೈಡ್ರಾವನ್ನು ರಾತ್ರಿ ಮನೆ ಮುಂದೆ ನಿಲ್ಲಿಸಿದರೆ ಬೀದಿಯವರು ಸುಮ್ಮನಿರುವುದಿಲ್ಲ. ಟೈರು, ಹೈಡ್ರಾಲಿಕ್ ಪೈಪು, ಉಕ್ಕಿನ ಹಗ್ಗ, ಎಣ್ಣೆ ಇವುಗಳಿಗೆ ಸರಾಸರಿ 10,000, ವಿಮೆಗೆ 3,500. ಒಟ್ಟು 1,13,200. ನಾಲ್ಕು ವರ್ಷದ ಮೇಲೆ 12 ಲಕ್ಷಕ್ಕೆ ಮಾರಬಹುದೆಂದುಕೊಂಡು ಅದರ ಪಾಲಿಗೆ ತಿಂಗಳಿಗೆ 25,000 ಕಳೆದೆ. ಕೈಯಿಂದ ಹಾಕಿದ 5 ಲಕ್ಷದ ಪಾಲಿಗೆ 10,400 ಕೂಡಿಸಿದೆ. ಉಳಿದದ್ದು 98,600. ಗಾಡಿ ಅಲುಗಾಡಲಿ ಬಿಡಲಿ, ತಿಂಗಳು ತಿರುಗಿದರೆ ಇಷ್ಟು ಹೋಗುತ್ತದೆ.

ಬಾಡಿಗೆ ಗಾಡಿ ಎಂಟು ಗಂಟೆಯ ಪಾಳಿಗೆ ನಮಗೆ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಅದರಲ್ಲೇ ಆಪರೇಟರೂ ಡೀಸೆಲ್ಲೂ ಸೇರಿರುತ್ತವೆ. ಸ್ವಂತದ್ದಾದರೆ ದಿನಕ್ಕೆ ಮೂರು ಸಾವಿರ ಡೀಸೆಲ್ ನಮ್ಮದೇ. ಹಾಗಾಗಿ ಗಾಡಿ ಹೊರಟ ಪ್ರತಿ ದಿನ ಉಳಿಯುವುದು ಏಳು ಸಾವಿರ. 98,600ನ್ನು ಏಳು ಸಾವಿರದಿಂದ ಭಾಗಿಸಿದರೆ ಹದಿನಾಲ್ಕು. ತಿಂಗಳಿಗೆ ಹದಿನಾಲ್ಕು ದಿನ, ಅದೂ ಮಳೆಗಾಲ ಚಳಿಗಾಲವೆನ್ನದೆ ವರ್ಷವಿಡೀ, ಹೈಡ್ರಾ ದುಡಿದರೆ ಮಾತ್ರ ಬಾಡಿಗೆಗೂ ಸ್ವಂತಕ್ಕೂ ಸಮ. ನಮ್ಮ ಲೆಕ್ಕ ತಿಂಗಳಿಗೆ ಮೂರು ದಿನಕ್ಕಿಂತ ತುಸು ಹೆಚ್ಚು. ಬಾಡಿಗೆಯ ಮೇಲೂ ಕ್ರೇನಿನ ಬೆಲೆಯ ಮೇಲೂ ಶೇ. 18ರ ಜಿಎಸ್‌ಟಿ ಇರುವುದರಿಂದ ಅದನ್ನು ಎರಡೂ ಕಡೆ ಬಿಟ್ಟಿದ್ದೇನೆ. ತೆರಿಗೆಯಲ್ಲಿ ಸವಕಳಿ, ಎಂದರೆ ಗಾಡಿ ಹಳತಾದಂತೆ ಇಳಿಯುವ ಬೆಲೆಯ ಲೆಕ್ಕಕ್ಕೆ ರಿಯಾಯಿತಿ, ಸಿಗುತ್ತದೆ ಎಂದು ನಮ್ಮ ಆಡಿಟರು ನೆನಪಿಸಿದರು. ನಿಜ, ಆದರೆ ಅದರ ಸುಖ ತೆರಿಗೆ ಕಟ್ಟುವಷ್ಟು ಲಾಭ ಕಂಡವರಿಗೆ.

ಭಾವ ಈ ಲೆಕ್ಕವನ್ನು ತಳ್ಳಿಹಾಕಲಿಲ್ಲ. “ಮನೆಯಲ್ಲೇ ಗಾಡಿ ಇದ್ದರೆ ಮೂರು ದಿನ ಏಳು ದಿನ ಆಗುತ್ತದೆ, ಸಣ್ಣ ಕೆಲಸಕ್ಕೂ ಕರೆದುಕೊಂಡು ಹೋಗಬಹುದು,” ಎಂದರು. ಆಗಬಹುದು. ಏಳು ಆದರೂ ಹದಿನಾಲ್ಕಕ್ಕೆ ಅರ್ಧ. ಅದಲ್ಲದೆ ಆ ಮಾತಿನೊಳಗೇ ಒಂದು ತೊಡಕಿದೆ: ಮೂರು ಆಳು ಹಗ್ಗ ಕಟ್ಟಿ ಒಂದೂವರೆ ಗಂಟೆಯಲ್ಲಿ ಇಳಿಸಬಹುದಾದ ಕೊಂಬೆಗೆ, ಮನೆಯಲ್ಲಿದೆ ಎಂಬ ಕಾರಣಕ್ಕೆ ಕ್ರೇನನ್ನು ಕರೆದೊಯ್ದರೆ ಕ್ರೇನಿಗೆ ಕೆಲಸ ಸಿಕ್ಕಿತೇ ಹೊರತು ನಮಗೆ ಉಳಿತಾಯವಾಗಲಿಲ್ಲ. ಅಮೆರಿಕದ ಮರದ ಕಂಪನಿಗಳ ವೀಡಿಯೊಗಳನ್ನು ಭಾವ ಊಟ ಮಾಡುವಾಗಲೂ ನೋಡುತ್ತಾರೆ. ಅಲ್ಲಿ ಕ್ರೇನಿನ ತುದಿಯಲ್ಲೇ ಇಕ್ಕಳವೂ ಗರಗಸವೂ ಇದ್ದು, ಆಪರೇಟರ್ ರಿಮೋಟ್ ಹಿಡಿದು ನೆಲದ ಮೇಲೆಯೇ ನಿಂತು, ಕೊಂಬೆಯನ್ನು ಹಿಡಿದು ಕತ್ತರಿಸಿ ಪಕ್ಕಕ್ಕಿಡುತ್ತಾನೆ, ಮರದ ಮೇಲೆ ಒಬ್ಬ ಮನುಷ್ಯನೂ ಇರುವುದಿಲ್ಲ. ನೋಡಲು ಚೆಂದವೇ. ಆದರೆ ಅಲ್ಲಿ ಆ ಯಂತ್ರ ಉಳಿಸುವುದು ದುಬಾರಿ ಕೂಲಿಯನ್ನು. ನಮ್ಮಲ್ಲಿ ಕೂಲಿ ಇನ್ನೂ ಯಂತ್ರಕ್ಕಿಂತ ಅಗ್ಗ. ನಮಗೆ ಕ್ರೇನ್ ಬೇಕಾಗುವುದು ಆಳು ಹತ್ತಲಾಗದ ಒಣಮರಕ್ಕೆ, ಹಗ್ಗದ ಭಾರವನ್ನೂ ತಾಳದ ಟೊಳ್ಳು ಮರಕ್ಕೆ, ಕೊಂಬೆ ಇಳಿಸಲು ಕೆಳಗೆ ಅಂಗೈಯಗಲ ಜಾಗವೂ ಇಲ್ಲದ ಕಡೆ.

ಮರದ ಕೆಲಸ ನಮ್ಮ ಇಷ್ಟದ ದಿನ ನಡೆಯುವುದೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಕೈಗೆ ಬರಬೇಕು. ತಂತಿ ಹತ್ತಿರವಿದ್ದರೆ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಎಂದರೆ ಇಷ್ಟು ಹೊತ್ತು ಲೈನು ಬಂದ್ ಇಡಲು ಒಪ್ಪಿಗೆ) ತೆಗೆದುಕೊಂಡು ಕರೆಂಟು ನಿಲ್ಲಿಸಬೇಕು. ಭಾರಿ ವಾಹನಗಳಿಗೆ ನಿರ್ಬಂಧವಿರುವ ರಸ್ತೆಯಾದರೆ ಗಾಡಿ ಬರುವ ಹೊತ್ತನ್ನೂ ನೋಡಿಕೊಳ್ಳಬೇಕು. ಈ ಮೂರೂ ಕೂಡಿ ಬಂದ ದಿನವೇ ಕೆಲಸ. ಬಾಡಿಗೆಯ ಕ್ರೇನು ಕಾಯುತ್ತ ನಿಂತರೆ ಗಂಟೆಯ ಲೆಕ್ಕದಲ್ಲಿ ಬಿಲ್ಲು ಏರುವುದು ಕಾಣುತ್ತದೆ, ಹೊಟ್ಟೆ ಉರಿಯುತ್ತದೆ. ಸ್ವಂತದ್ದು ಶೆಡ್ಡಿನಲ್ಲಿ ಕಾಯುವಾಗಲೂ ಅಷ್ಟೇ ಹಣ ಹೋಗುತ್ತಿರುತ್ತದೆ, ಕಾಣುವುದಿಲ್ಲ ಅಷ್ಟೇ.

ಇಷ್ಟು ಹೇಳಿದರೆ ವಿಷಯ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ಜಯನಗರದ ಒಂದು ಮಳೆಮರ.

ಹೋದ ಮೇ ತಿಂಗಳಲ್ಲಿ ಆ ಮರದ ಒಂದು ಕೊಂಬೆ, ದಪ್ಪದಲ್ಲಿ ಮರವೇ ಅನ್ನಬಹುದಾದದ್ದು, ಹಳೆಯ ಮನೆಯೊಂದರ ಮಂಗಳೂರು ಹೆಂಚಿನ ಪೋರ್ಟಿಕೋ ಮೇಲೆ ಸೀಳಿಕೊಂಡು ವಾಲಿತ್ತು. ಬೆಳಗ್ಗೆ ಹತ್ತರಿಂದ ಒಂದರವರೆಗೆ ಎಲ್‌ಸಿ. ಗಾಡಿ ಸಮಯಕ್ಕೆ ಬಂತು, ಆದರೆ ಎಂದಿನ ಆಪರೇಟರ್ ಬರಲಿಲ್ಲ. ಕಟ್ಟಡದ ಸೈಟುಗಳಲ್ಲಿ ಕಬ್ಬಿಣದ ಕಟ್ಟು ಎತ್ತಿ ರೂಢಿಯಿದ್ದ ಹೊಸ ಹುಡುಗ ಬಂದಿದ್ದ. ನಮ್ಮ ಕಟಿಂಗ್‌ನವನು ಮೇಲೆ ಹತ್ತಿ ಕೊಂಬೆಗೆ ಎರಡು ಬೆಲ್ಟು ಸುತ್ತಿ, ಬೆಲ್ಟನ್ನು ಕೊಕ್ಕೆಗೆ ಸೇರಿಸುವ ಉಕ್ಕಿನ ಬಳೆಯಾದ ಶ್ಯಾಕಲ್ ಹಾಕಿ, ಕೊಕ್ಕೆಗೆ ಸಿಕ್ಕಿಸಿ, ಕವಲಿನ ಈಚೆಗೆ ಬಂದು ಗರಗಸ ಚಾಲೂ ಮಾಡಿದ. ಬಿಗಿಯಾಗಿ ಎಳೆದಷ್ಟೂ ಕೊಂಬೆ ಭದ್ರ ಎಂಬುದು ಆಪರೇಟರನ ಎಣಿಕೆ. ಕೆಳಗೆ ನಿಂತಿದ್ದ ಭಾವನಿಗೆ ಮೊದಲು ಕಂಡದ್ದು ಗಾಡಿಯ ಹಿಂದಿನ ಟೈರುಗಳು: ನೆಲಕ್ಕೆ ಒತ್ತಿಕೊಂಡು ಚಪ್ಪಟೆಯಾಗಿರಬೇಕಾದ ಅವು ದುಂಡಗೆ ಕಾಣುತ್ತಿದ್ದವು. ಹಿಂಭಾಗ ಹಗುರಾಗಿತ್ತು. ಅವರು ಸೀಟಿ ಊದುವುದಕ್ಕೂ ಮುಕ್ಕಾಲು ಕೊಯ್ದಿದ್ದ ಕೊಂಬೆ ‘ಛಟ್’ ಎಂದು ಕಿತ್ತುಕೊಳ್ಳುವುದಕ್ಕೂ ಸರಿಹೋಯಿತು. ಬಿಲ್ಲಿಗೆ ಹೂಡಿ ಬಿಟ್ಟ ಬಾಣದಂತೆ ಕೊಂಬೆ ನಾಲ್ಕಡಿ ಮೇಲಕ್ಕೆ ಚಿಮ್ಮಿ, ಅದರ ಕೊಯ್ದ ತುದಿ ಕಟಿಂಗ್‌ನವನಿಂದ ಒಂದು ಮಾರು ದೂರದಲ್ಲಿ ಹಾದುಹೋಗಿ, ಪೋರ್ಟಿಕೋದ ಮೂಲೆಗೆ ಬಡಿದು ಆರೇಳು ಹೆಂಚು ಉದುರಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಭಾವ ಆಪರೇಟರನಿಗೆ ಒಂದು ಮಾತೂ ಬಯ್ಯದೆ, ಗಾಡಿ ಆಫ್ ಮಾಡಿಸಿ, ಎಲ್ಲರಿಗೂ ಟೀ ತರಿಸಿದರು. ಅವರು ಬಯ್ಯದೆ ಟೀ ತರಿಸಿದರೆಂದರೆ ಹೆದರಿದ್ದಾರೆ ಎಂದರ್ಥ.

ಕೊಕ್ಕೆ ಎಷ್ಟು ಬಿಗಿಯಿರಬೇಕೆಂಬುದೇ ಈ ಕೆಲಸದ ಗುಟ್ಟು. ಕಡಿಮೆಯಾದರೆ ಕೊಂಬೆ ಕಡಿದ ಕೂಡಲೇ ಕುಸಿದು, ಬೆಲ್ಟಿಗೂ ಬೂಮಿಗೂ ಅದರ ತೂಕಕ್ಕಿಂತ ಎಷ್ಟೋ ಹೆಚ್ಚಿನ ಜಗ್ಗು ಬೀಳುತ್ತದೆ. ಹೆಚ್ಚಾದರೆ ಜಯನಗರದಲ್ಲಿ ಆದದ್ದೇ ಆಗುತ್ತದೆ. ಕೊಂಬೆಯ ತೂಕದಷ್ಟೇ ಎಳೆತ ಇರಬೇಕು, ಅದಕ್ಕೆ ತೂಕ ಗೊತ್ತಿರಬೇಕು. ಕಬ್ಬಿಣದ ಕಟ್ಟಿನ ತೂಕ ಚೀಟಿಯಲ್ಲಿ ಬರೆದಿರುತ್ತದೆ, ಮರದ್ದು ಎಲ್ಲಿಯೂ ಬರೆದಿರುವುದಿಲ್ಲ. ಇಲ್ಲಿ ನಾನು ಬಹಳ ವರ್ಷ ಮಾಡುತ್ತಿದ್ದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಟಿಂಬರ್ ಡಿಪೋದ ರೂಢಿಯಂತೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸಿ ಘನ ಅಡಿ ತೆಗೆಯುತ್ತಿದ್ದೆ. ಆರು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿಗೆ ಅದರ ಉತ್ತರ 22.5 ಘನ ಅಡಿ. ಆ ಸೂತ್ರ ಇರುವುದು ದಿಮ್ಮಿಯನ್ನು ಕೊಯ್ಯುವಾಗ ಹೋಗುವ ಹೊರಪದರವನ್ನು ಬಿಟ್ಟು ವ್ಯಾಪಾರ ಮಾಡಲು. ದಿಮ್ಮಿಯ ನಿಜವಾದ ಗಾತ್ರ 28.6 ಘನ ಅಡಿ. ಹಸಿಮರವನ್ನು ನೀರಿನಷ್ಟೇ ಭಾರವೆಂದು ಹಿಡಿದು, ಘನ ಅಡಿಗೆ 28 ಕಿಲೋದಂತೆ ಲೆಕ್ಕ ಹಾಕಿದರೆ ಡಿಪೋ ಲೆಕ್ಕದಲ್ಲಿ 630 ಕಿಲೋ, ನಿಜದಲ್ಲಿ 800. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ತೂಕ ಕಾಗದದ ಮೇಲೆ ಮಾಯವಾಗಿರುತ್ತದೆ, ಕೊಕ್ಕೆಯ ಮೇಲೆ ಮಾಯವಾಗುವುದಿಲ್ಲ. ಸೊಪ್ಪಿನ ತೂಕ, ಮಳೆ ಬಂದ ಮರುದಿನವಾದರೆ ಅದರ ಮೇಲಿನ ನೀರಿನ ತೂಕ ಬೇರೆ.

ಆ ದಿನದ ನಂತರ ನಮ್ಮ ಚರ್ಚೆಯ ದಿಕ್ಕೇ ಬದಲಾಯಿತು. ಭಾವನಿಗೆ ನಿಜವಾಗಿ ಬೇಕಾಗಿದ್ದದ್ದು ಗಾಡಿಯಲ್ಲ, ಮರದ ಸ್ವಭಾವ ಬಲ್ಲ ಒಬ್ಬ ಆಪರೇಟರ್. ಸ್ವಂತ ಗಾಡಿ ಇದ್ದರೆ ಸ್ವಂತ ಆಪರೇಟರ್ ಇರುತ್ತಾನೆ, ನಮ್ಮ ಸೀಟಿಯ ಅರ್ಥ ಅವನಿಗೆ ತಿಳಿದಿರುತ್ತದೆ ಎಂಬುದು ಅವರ ಮನಸ್ಸಿನಲ್ಲಿತ್ತು. ಇದನ್ನು ನಾನು ಅಲ್ಲಗಳೆಯಲಾರೆ. ಕ್ರೇನ್ ಕೊಳ್ಳುವ ಪರವಾಗಿ ನಾನು ಕೇಳಿದ ವಾದಗಳಲ್ಲಿ ಗಟ್ಟಿಯಾದದ್ದು ಇದೊಂದೇ. ಆದರೆ ತಿಂಗಳಿಗೆ ಮೂರು ದಿನ ಗಾಡಿ ಹೊರಡುವ ಕಡೆ ಒಳ್ಳೆಯ ಆಪರೇಟರ್ ಉಳಿಯುವುದೂ ಇಲ್ಲ. ಅವನಿಗೆ ಓವರ್‌ಟೈಮ್ ಬೇಕು, ದಿನದ ಬಾಟಾ ಬೇಕು. ಶೆಡ್ಡಿನಲ್ಲಿ ಕೂತು ಸಂಬಳ ಎಣಿಸುವವನ ಕೈ ಪಳಗುವುದಿಲ್ಲ.

ಖಾಲಿ ದಿನಗಳಲ್ಲಿ ಗಾಡಿಯನ್ನು ಬೇರೆಯವರಿಗೆ ಬಾಡಿಗೆಗೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ನಾವು ಮರದವರಾಗಿ ಉಳಿಯದೆ ಕ್ರೇನಿನವರಾಗುತ್ತೇವೆ. ಬಿಲ್ಲಿನ ಹಣ ಎರಡು ಮೂರು ತಿಂಗಳು ತಡವಾಗಿ ಬರುತ್ತದೆ, ಕಂತು ಮಾತ್ರ ತಾರೀಖಿಗೆ ಸರಿಯಾಗಿ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೇ ತಿಂಗಳ ಗಾಳಿಮಳೆಯ ರಾತ್ರಿ ನಮ್ಮ ಗಾಡಿ ಯಾವುದೋ ಫ್ಯಾಕ್ಟರಿಯಲ್ಲಿ ತಿಂಗಳ ಬಾಡಿಗೆಗೆ ನಿಂತಿರುತ್ತದೆ. ಯಾವ ರಾತ್ರಿಗಾಗಿ ಕೊಂಡೆವೋ ಆ ರಾತ್ರಿಗೇ ಅದು ಸಿಗುವುದಿಲ್ಲ.

ಸ್ವಂತ ಗಾಡಿಯಿಂದ ಬರುವ ಹೊಣೆಯ ಮಾತನ್ನೂ ಸೇರಿಸಬೇಕು. ಈ ಊರಿನ ಮನೆಗಳ ಮುಂದೆ ನೆಲದ ಕೆಳಗೆ ಸಂಪು, ಫುಟ್‌ಪಾತಿನ ಚಪ್ಪಡಿಯ ಕೆಳಗೆ ಚರಂಡಿ. ಮೇಲಿನಿಂದ ನೋಡಿದರೆ ಎರಡೂ ಗಟ್ಟಿ ನೆಲವೇ. ಒಮ್ಮೆ ಬಾಡಿಗೆ ಗಾಡಿಯ ಮುಂಚಕ್ರ ಚಪ್ಪಡಿ ಮುರಿದು ಒಂದಡಿ ಇಳಿದಿತ್ತು, ಪುಣ್ಯಕ್ಕೆ ಕೊಕ್ಕೆಯಲ್ಲಿ ಭಾರವಿರಲಿಲ್ಲ. ಅಂದು ಗಾಡಿಯ ಚಿಂತೆ ಗಾಡಿಯವನದಾಗಿತ್ತು. ಸ್ವಂತದ್ದಾದರೆ ವಿಮೆಯ ಕಾಗದವನ್ನು ಸಣ್ಣಕ್ಷರದವರೆಗೂ ಓದಬೇಕು, ಏಕೆಂದರೆ ಗಾಡಿ ರಸ್ತೆಯಲ್ಲಿ ಓಡುವಾಗಿನ ಅಪಘಾತ ಒಂದು, ಭಾರ ಎತ್ತುವಾಗ ಮಗುಚಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಾಗುತ್ತದೆ.

ಕೊಂಡು ಗೆದ್ದವರು ಇಲ್ಲವೆಂದಲ್ಲ. ನಮ್ಮ ಪರಿಚಯದವರೊಬ್ಬರು ಮರ ಕಡಿಯುವುದನ್ನು ಬಿಟ್ಟು ಸ್ಥಳಾಂತರದ ಕೆಲಸಕ್ಕೆ ಇಳಿದರು. ರಸ್ತೆ ಅಗಲ ಮಾಡುವ ಕಡೆ ಮರವನ್ನು ಬೇರುಗಡ್ಡೆಯ ಸಮೇತ ಎತ್ತಿ ಬೇರೆಡೆ ನೆಡುವ ಕೆಲಸ ಅದು. ಎರಡು ಮೀಟರ್ ಅಗಲ, ಒಂದು ಮೀಟರ್ ಆಳದ ಮಣ್ಣಿನ ಹೆಂಟೆಯೇ ಐದು ಟನ್ ದಾಟುತ್ತದೆ, ಅದರ ಮೇಲೆ ಮರ. ಎತ್ತಲು ಒಮ್ಮೆ, ಲಾರಿಯಿಂದ ಇಳಿಸಲು ಒಮ್ಮೆ, ಗುಂಡಿಯಲ್ಲಿ ನೇರ ನಿಲ್ಲಿಸಲು ಮತ್ತೊಮ್ಮೆ ಕ್ರೇನ್ ಬೇಕು. ಆಳಿನ ಬಲದಿಂದ ಇದರಲ್ಲಿ ಯಾವುದೂ ಆಗುವುದಿಲ್ಲ. ಅವರ ಗಾಡಿ ತಿಂಗಳಿಗೆ ಇಪ್ಪತ್ತು ದಿನ ಹೊರಗಿರುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಕೊಳ್ಳುತ್ತಿದ್ದೆ.

ನಾವು ಕೊನೆಗೆ ಕೊಂಡದ್ದು ಕೊಕ್ಕೆಗೂ ಬೆಲ್ಟಿಗೂ ನಡುವೆ ನೇತುಹಾಕುವ ಒಂದು ತೂಕದ ಯಂತ್ರ, ನಮ್ಮದೇ ಗುರುತು ಹಾಕಿದ ಆರು ಬೆಲ್ಟು, ಶ್ಯಾಕಲ್‌ಗಳು, ಕಟಿಂಗ್‌ನವನಿಗೂ ಆಪರೇಟರನಿಗೂ ಒಂದೊಂದು ವಾಕಿಟಾಕಿ, ಚಕ್ರದ ಕೆಳಗೆ ಹಾಸಲು ದಪ್ಪ ಹಲಗೆಗಳು. ತೂಕದ ಯಂತ್ರ ಬಂದ ಮೇಲೆ ಗರಗಸ ಇಡುವ ಮೊದಲು ಭಾವ ಅಂದಾಜಿನ ತೂಕವನ್ನು ಕೂಗಿ ಹೇಳುತ್ತಾರೆ, ಆಪರೇಟರ್ ಆ ಅಂಕಿ ಬರುವವರೆಗೆ ಮಾತ್ರ ಎಳೆಯುತ್ತಾನೆ. ಬಾಡಿಗೆ ಗಾಡಿಯ ಮಾಲೀಕರೊಬ್ಬರೊಂದಿಗೆ ಮಾತು ಮಾಡಿಕೊಂಡಿದ್ದೇವೆ: ವರ್ಷಕ್ಕೆ ಕನಿಷ್ಠ 40 ದಿನ ಅವರ ಗಾಡಿಯನ್ನೇ ಕರೆಯುತ್ತೇವೆ, ಏಪ್ರಿಲ್‌ನಿಂದ ಜೂನ್‌ವರೆಗೆ ಗಂಟೆಗೆ ನೂರು ರೂಪಾಯಿ ಹೆಚ್ಚು ಕೊಡುತ್ತೇವೆ, ಪ್ರತಿಯಾಗಿ ಮಳೆಯ ರಾತ್ರಿ ನಮ್ಮ ಫೋನನ್ನು ಮೊದಲು ಎತ್ತಬೇಕು ಮತ್ತು ನಾವು ಹೇಳಿದ ಆಪರೇಟರನನ್ನೇ ಕಳಿಸಬೇಕು. ಆ ಆಪರೇಟರನಿಗೆ ನಮ್ಮ ಕಡೆಯಿಂದ ದಿನಕ್ಕೆ ಐನೂರು ರೂಪಾಯಿ ಬಾಟಾ ಬೇರೆ. ಜಯನಗರದಲ್ಲಿ ಕೊಂಬೆ ಹಾರಿಸಿದ ಹುಡುಗನೇ ಅವನು. ಭಾವನೇ ಆರಿಸಿದ್ದು, ಆ ಟೈರು ದುಂಡಗಾದದ್ದನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ ಎಂಬುದು ಅವರ ವಾದ.

ಡೈರಿಯ ಹಿಂದಿನ ಪುಟದಲ್ಲಿ ಹೈಡ್ರಾ ಬಂದ ದಿನಗಳಿಗೆ ಈಗ ಒಂದು ಪ್ರತ್ಯೇಕ ಅಂಕಣ ಎಳೆದಿದ್ದೇನೆ. ಸತತ ಆರು ತಿಂಗಳು ಅಲ್ಲಿ ಹದಿನಾಲ್ಕು ಗೆರೆ ಬಿದ್ದರೆ ಬ್ಯಾಂಕಿಗೆ ನಾನೇ ಬರುತ್ತೇನೆಂದು ಭಾವನಿಗೆ ಹೇಳಿದ್ದೇನೆ. ಕಳೆದ ತಿಂಗಳು ಬಿದ್ದದ್ದು ಆರು.